ಹಳೇ ಡಕ್ಟ್ ಎಸಿಗೆ ಜೋನ್ ಮಾಡಿಸುವ ಮುಂಚೆ ಇದನ್ನು ಓದಿ

ರಾತ್ರಿ ಮಲಗುವ ಕೋಣೆಯೊಂದೇ ತಂಪಾದರೆ ಸಾಕು, ಖಾಲಿ ಹಾಲ್‌ಗೆ ಯಾಕೆ ಕರೆಂಟು ಸುಡಬೇಕು ಅಂತ ನಮ್ಮ 3 ಟನ್ ಡಕ್ಟ್ ಎಸಿಗೆ (ಒಂದೇ ಮೆಷಿನ್ನಿನ ಗಾಳಿ ಡಕ್ಟ್ ಎಂಬ ಕೊಳವೆಗಳಲ್ಲಿ ಎಲ್ಲ ಕೋಣೆಗೂ ಹೋಗುವಂಥದ್ದು) ಜೋನ್ ಮಾಡಿಸಿದೆ, ಅಂದರೆ ಬೇಕಾದ ಕೋಣೆಗಷ್ಟೇ ತಂಪು ಹೋಗುವ ಹಾಗೆ. ಡಕ್ಟ್‌ಗಳಲ್ಲಿ ಗಾಳಿ ತೆರೆದು ಮುಚ್ಚುವ ಡ್ಯಾಂಪರ್ ಕೂರಿಸಿದರು, ಕೋಣೆಗೊಂದು ತಾಪ ನೋಡಿಕೊಳ್ಳುವ ಥರ್ಮೋಸ್ಟ್ಯಾಟ್ ಹಾಕಿದರು. ಒಂದು ವಾರ ಹಾಯಾಗಿತ್ತು.

ಆಮೇಲೆ ರಾತ್ರಿ ಹೊತ್ತು ಗಾಳಿ ಬರುವ ಜಾಲರಿ ಸಿಳ್ಳೆ ಹೊಡೆಯತೊಡಗಿತು. ಮೆಷಿನ್ ಐದೈದು ನಿಮಿಷಕ್ಕೆ ನಿಲ್ಲೋದು, ಮತ್ತೆ ಶುರುವಾಗೋದು. ಒಂದು ಬೆಳಗ್ಗೆ ತಂಪೇ ಇಲ್ಲ. ಮುಚ್ಚಳ ತೆಗೆದರೆ ಗಾಳಿ ತಂಪು ಮಾಡುವ ಕಾಯಿಲ್ ಪೂರ್ತಿ ಮಂಜುಗಡ್ಡೆ!

ಜೋನ್ ಮಾಡಿದವರು ಬಂದು ಗ್ಯಾಸ್ ಕಮ್ಮಿಯಾಗಿದೆ ಅಂದರು, ತುಂಬಿದರು. ನಾನು ನಂಬಿದೆ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ನಿಜಕ್ಕೂ ಕಮ್ಮಿಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆಯನ್ನು ಯಾರೂ ಹುಡುಕಲೇ ಇಲ್ಲ. ಮತ್ತೆ ಮಂಜು ಕಟ್ಟಿದಾಗ ಬೈಪಾಸ್ ಡಕ್ಟ್ ಹಾಕಿದರು. ಮಿಕ್ಕ ತಣ್ಣನೆ ಗಾಳಿ ಅದರಲ್ಲಿ ಸುತ್ತಿ ನೇರ ಕಾಯಿಲ್‌ಗೇ ವಾಪಸ್ ಬರತೊಡಗಿತು, ಮಂಜು ಇನ್ನೂ ಬೇಗ ಕಟ್ಟಿತು. ಕೊನೆಗೆ ಕಂಪ್ರೆಸರೇ ಹೋಯಿತು.

ಬೇರೆ ಮೆಕ್ಯಾನಿಕ್ ಬಂದು ಡಕ್ಟ್ ಒಳಗಿನ ಒತ್ತಡ ಅಳೆದ ಮೇಲೆ ವಿಷಯ ತಿಳಿಯಿತು. ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು, ನಮ್ಮದಕ್ಕೆ 1200. ಮಲಗುವ ಕೋಣೆಯ ಸಣ್ಣ ಡಕ್ಟ್‌ನಲ್ಲಿ ಅದರ ಕಾಲುಭಾಗ ಹೋಗುವುದೂ ಕಷ್ಟ. ನಮ್ಮ ಕಂಪ್ರೆಸರ್‌ಗೆ ಇದ್ದದ್ದು ಒಂದೇ ವೇಗ. ಒಂದು ಕೋಣೆ ಕೇಳಿದರೂ ಇಡೀ ಮನೆಯ ತಂಪನ್ನು ಮಾಡುತ್ತಲೇ ಇತ್ತು. ಅಷ್ಟು ತಂಪನ್ನು ಒಯ್ಯಲು ಗಾಳಿಯಿಲ್ಲದೆ ಕಾಯಿಲ್ ಹೆಪ್ಪುಗಟ್ಟಿತು, ಆವಿಯಾಗದ ಗ್ಯಾಸ್ ದ್ರವವಾಗಿಯೇ ಕಂಪ್ರೆಸರ್ ಸೇರಿ ಕೆಡಿಸಿತು. ಮನೆ ಬೆಚ್ಚಗಿಡುವ ಬಿಸಿಗಾಳಿ ಫರ್ನೇಸ್ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ: ಅಲ್ಲಿ ಗಾಳಿ ಸಾಲದಿದ್ದರೆ ಒಳಗೆ ಕಾವು ಮಿತಿಮೀರುತ್ತದೆ.

ದಯವಿಟ್ಟು ಕೆಲಸ ಒಪ್ಪಿಸುವ ಮುಂಚೆ ಕೇಳಿ: ಅತಿ ಚಿಕ್ಕ ಜೋನ್ ಒಂದೇ ತೆರೆದಿದ್ದರೆ ಗಾಳಿ ಎಷ್ಟು ಹೋಗುತ್ತದೆ? ಮೆಷಿನ್ ತನ್ನ ವೇಗ ಅಷ್ಟು ಇಳಿಸಿಕೊಳ್ಳಬಲ್ಲದೇ? ಲೆಕ್ಕ ತೋರಿಸದೆ "ಏನೂ ಆಗಲ್ಲ ಬಿಡಿ" ಅಂದವರಿಗೆ ಮುಂಗಡ ಕೊಡಬೇಡಿ. ಬೇಕಾದ ಹಾಗೆ ವೇಗ ಇಳಿಸಿಕೊಳ್ಳುವ ಇನ್ವರ್ಟರ್ ಮೆಷಿನ್ ಆದರೆ ಜೋನ್ ಚೆನ್ನಾಗಿ ಹೊಂದುತ್ತದೆ, ಆದರೂ ಅದರ ಕನಿಷ್ಠ ಮಿತಿ ಕೇಳಿಕೊಳ್ಳಿ. ಒಂದೇ ಕೋಣೆಗೆ ಬೇಕಿದ್ದರೆ ಪ್ರತ್ಯೇಕ ಸ್ಪ್ಲಿಟ್ ಹಾಕಿಸುವುದೇ ಮೇಲು ಅಂತ ನನಗೀಗ ಅನಿಸುತ್ತದೆ.

ಈಗಾಗಲೇ ಮಂಜು ಕಾಣುತ್ತಿದೆಯೇ? ತಕ್ಷಣ ಕೂಲಿಂಗ್ ನಿಲ್ಲಿಸಿ, ಎಲ್ಲ ಜೋನ್ ತೆರೆದು ಫ್ಯಾನ್ ಮಾತ್ರ ಓಡಿಸಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಮಾತ್ರ ಕೆರೆಯಬೇಡಿ, ಕಾಯಿಲ್ ತೂತಾಗುತ್ತದೆ.