ಮೀಥೇನ್‌ನಲ್ಲಿ ಮೊದಲಿಗ, ವೇಳೆಯಲ್ಲಿ ನಿಧಾನಿ: ಲ್ಯಾಂಡ್‌ಸ್ಪೇಸ್ ಉಡಾವಣಾ ಸೇವೆಯ ಒಂದು ವಿಮರ್ಶೆ

ಉಪಗ್ರಹ ಉಡಾವಣೆ ಎಷ್ಟೇ ದೊಡ್ಡ ವಿಜ್ಞಾನವಾದರೂ, ದುಡ್ಡು ಕೊಟ್ಟು ಜಾಗ ಕಾಯ್ದಿರಿಸುವವನ ಪಾಲಿಗೆ ಅದೊಂದು ಸರಕು ಸಾಗಣೆ ಸೇವೆ. ಲಾರಿ ಆಫೀಸಿನಲ್ಲಿ ಪಾರ್ಸೆಲ್ ಕೊಡುವವರು ಮಾಲು ಹಾಳಾಗದೆ ಮುಟ್ಟುತ್ತದೆಯೇ, ಗಾಡಿ ಯಾವತ್ತು ಹೊರಡುತ್ತದೆ ಎಂದು ಕೇಳುವಂತೆ ಇಲ್ಲಿಯೂ ಕೇಳಬೇಕಾಗುತ್ತದೆ. ಬೀಜಿಂಗ್‌ನ ಖಾಸಗಿ ರಾಕೆಟ್ ಕಂಪನಿ ಲ್ಯಾಂಡ್‌ಸ್ಪೇಸ್ 2025ರ ಕೊನೆಯವರೆಗೆ ನಡೆಸಿದ ಎಂಟು ಉಡಾವಣೆಗಳನ್ನು ನಾನು ಗ್ರಾಹಕನ ಈ ದೃಷ್ಟಿಯಿಂದಲೇ ನೋಡಿದ್ದೇನೆ. ನಾನು ಉಪಗ್ರಹ ಕಟ್ಟುವವನಲ್ಲ, ಹಲವು ವರ್ಷಗಳಿಂದ ಉಡಾವಣೆಗಳನ್ನು ದೂರದಿಂದ ಗಮನಿಸುತ್ತ ಬಂದವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಹ್ಯಾಕಾಶ ಕ್ಷೇತ್ರಕ್ಕೆ ಖಾಸಗಿ ಬಂಡವಾಳ ಬರಬಹುದೆಂದು ಚೀನಾ ಸರ್ಕಾರ 2014ರಲ್ಲಿ ಬಾಗಿಲು ತೆರೆದ ಮರುವರ್ಷ, ಝಾಂಗ್ ಚಾಂಗ್‌ವು ಈ ಕಂಪನಿಯನ್ನು ಆರಂಭಿಸಿದರು. ಚೀನೀ ಭಾಷೆಯಲ್ಲಿ ಇದರ ಹೆಸರಿಗೆ ನೀಲಿ ಬಾಣ ಎಂದರ್ಥ. ರಾಕೆಟ್‌ಗಳಿಗೆ ಇಟ್ಟಿರುವ ಝೂಚ್ವೆ ಎಂಬ ಹೆಸರು ಚೀನೀ ಪುರಾಣದಲ್ಲಿ ದಕ್ಷಿಣ ದಿಕ್ಕನ್ನು ಕಾಯುವ ಕೆಂಪು ಹಕ್ಕಿಯದು. ಘನ ಇಂಧನದ ಝೂಚ್ವೆ-1 ಈ ಕಂಪನಿಯ ಚೊಚ್ಚಲ ರಾಕೆಟ್. 2018ರ ಅಕ್ಟೋಬರ್ 27ರಂದು ಹಾರಿದ ಅದು ಮೂರನೆಯ ಹಂತದಲ್ಲಿ ಹದ ತಪ್ಪಿ, ಉಪಗ್ರಹದೊಂದಿಗೆ ಕಳೆದುಹೋಯಿತು. ಆ ರಾಕೆಟ್ಟನ್ನು ಕಂಪನಿ ಮತ್ತೆ ಹಾರಿಸಲಿಲ್ಲ. ಘನ ಇಂಧನದ ಸಣ್ಣ ರಾಕೆಟ್‌ಗಳನ್ನೇ ತಿದ್ದಿ ತೀಡಿ ಮುಂದುವರಿದ ಇತರ ಚೀನೀ ಕಂಪನಿಗಳ ದಾರಿ ಬಿಟ್ಟು, ಇವರು ದ್ರವ ಮೀಥೇನ್ ಹಾಗೂ ದ್ರವ ಆಮ್ಲಜನಕದಿಂದ ಓಡುವ ಎಂಜಿನ್ನಿನ ಮೇಲೆ ಪೂರ್ತಿ ಪಣ ಒಡ್ಡಿದರು.

ಈ ಸೇವೆಯ ಗುಣದೋಷಗಳೆಲ್ಲ ಆ ಆಯ್ಕೆಯಿಂದಲೇ ಹುಟ್ಟಿಕೊಂಡಿರುವುದರಿಂದ ಇಂಧನದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮೀಥೇನ್ ನಮಗೇನೂ ಅಪರಿಚಿತವಲ್ಲ. ಹಳ್ಳಿಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ, ಬೆಂಗಳೂರಿನ ಆಟೋಗಳು ತುಂಬಿಸಿಕೊಳ್ಳುವ ಸಿಎನ್‌ಜಿಯಲ್ಲಿ ಬಹುಪಾಲು ಇರುವುದೂ ಅದೇ ಅನಿಲ. ಸೀಮೆಎಣ್ಣೆ ಜಾತಿಯ ರಾಕೆಟ್ ಇಂಧನ ಉರಿದಾಗ ಎಂಜಿನ್ನಿನ ಒಳನಾಳಗಳಲ್ಲಿ ಮಸಿ ಕಟ್ಟುತ್ತದೆ, ಅದೇ ಎಂಜಿನ್ನನ್ನು ಮತ್ತೆ ಮತ್ತೆ ಬಳಸಬೇಕೆಂದರೆ ಆ ಮಸಿಯನ್ನು ತೆಗೆಯುವುದೇ ಒಂದು ಕೆಲಸ. ಮೀಥೇನ್‌ನಲ್ಲಿ ಆ ತೊಂದರೆ ಬಹಳ ಕಡಿಮೆ. ಮೀಥೇನ್ ಸೊನ್ನೆಗಿಂತ ಕೆಳಗೆ 162 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಮ್ಲಜನಕ 183 ಡಿಗ್ರಿಯಲ್ಲಿ ದ್ರವವಾಗುವುದರಿಂದ ಎರಡನ್ನೂ ಹತ್ತಿರದ ಟ್ಯಾಂಕುಗಳಲ್ಲಿ ಇಡುವುದು ಸುಲಭ. ದ್ರವ ಜಲಜನಕದ ವಿಪರೀತ ಶೀತದ ಕಾಟ ಇಲ್ಲಿಲ್ಲ. ಇಷ್ಟೆಲ್ಲ ಅನುಕೂಲ ಗೊತ್ತಿದ್ದರೂ ಮೀಥೇನ್ ರಾಕೆಟ್ಟನ್ನು ಕಕ್ಷೆಗೆ ಮುಟ್ಟಿಸಲು 2023ರ ನಡುಭಾಗದವರೆಗೆ ಜಗತ್ತಿನಲ್ಲಿ ಯಾರಿಗೂ ಸಾಧ್ಯವಾಗಿರಲಿಲ್ಲ.

ಝೂಚ್ವೆ-2 ರಾಕೆಟ್ 49.5 ಮೀಟರ್ ಎತ್ತರ, 3.35 ಮೀಟರ್ ವ್ಯಾಸ, ಸುಮಾರು 219 ಟನ್ ತೂಕದ್ದು. ಬುಡದಲ್ಲಿರುವ ನಾಲ್ಕು ಟಿಯಾನ್‌ಚ್ವೆ-12 ಎಂಜಿನ್‌ಗಳು ಒಂದೊಂದೂ ಸುಮಾರು 67 ಟನ್ ನೂಕುಬಲ ಕೊಡುತ್ತವೆ. 2022ರ ಡಿಸೆಂಬರ್ 14ರ ಮೊದಲ ಯತ್ನದಲ್ಲಿ ಮೊದಲ ಹಂತ ತನ್ನ ಕೆಲಸ ಮುಗಿಸಿತು, ಎರಡನೆಯ ಹಂತದ ಮುಖ್ಯ ಎಂಜಿನ್ ಕೂಡ ಸರಿಯಾಗಿಯೇ ಉರಿಯಿತು. ಆದರೆ ದಿಕ್ಕು ತಿದ್ದಿ ಕೊನೆಯ ವೇಗ ಕೊಡಬೇಕಿದ್ದ ಪುಟ್ಟ ಸಹಾಯಕ ಎಂಜಿನ್ ನಡುವೆಯೇ ನಿಂತು, ಕಕ್ಷೆಯ ವೇಗ ಕೂಡಿಬರದೆ ಉಪಗ್ರಹಗಳು ನಷ್ಟವಾದವು. ಏಳು ತಿಂಗಳ ಬಳಿಕ, 2023ರ ಜುಲೈ 12ರಂದು, ನಮ್ಮಲ್ಲಿ ಬೆಳಿಗ್ಗೆ ಆರೂವರೆ ಗಂಟೆಗೆ ಗೋಬಿ ಮರುಭೂಮಿಯ ಜ್ಯುಚ್ವಾನ್ ಉಡಾವಣಾ ಕೇಂದ್ರದಿಂದ ಎದ್ದ ಎರಡನೆಯ ಝೂಚ್ವೆ-2 ಕಕ್ಷೆ ಸೇರಿತು. ಅಮೆರಿಕದ ಮೀಥೇನ್ ರಾಕೆಟ್‌ಗಳಲ್ಲಿ ಟೆರಾನ್-1 ಅದೇ ವರ್ಷದ ಮಾರ್ಚ್‌ನಲ್ಲೂ ಸ್ಟಾರ್‌ಶಿಪ್ ಏಪ್ರಿಲ್‌ನಲ್ಲೂ ವಿಫಲವಾಗಿದ್ದವು, ವಲ್ಕನ್ ಇನ್ನೂ ಹಾರಿರಲಿಲ್ಲ. ಹೆಸರಾಂತ ಕಂಪನಿಗಳೆಲ್ಲ ಸಾಲಿನಲ್ಲಿ ನಿಂತಿರುವಾಗ ಎಂಟು ವರ್ಷದ ಕೂಸೊಂದು ಮುಂದೆ ದಾಟಿಹೋದದ್ದು ಸಣ್ಣ ಮಾತಲ್ಲ. ಎಂಜಿನಿಯರಿಂಗ್‌ಗೆ ನಾನು ಕೊಡುವ ಅಂಕಗಳಲ್ಲಿ ಕೈ ಹಿಡಿತ ಮಾಡಲಾರೆ.

ಸೇವೆಯ ಅಂಕ ಬೇರೆ. ದಾಖಲೆ ಬರೆದ ಆ ಹಾರಾಟದಲ್ಲಿ ಗ್ರಾಹಕರ ಉಪಗ್ರಹವೇ ಇರಲಿಲ್ಲ. ಅವುಗಳನ್ನು ಹೊತ್ತು ಯಶಸ್ವಿಯಾದದ್ದು 2023ರ ಡಿಸೆಂಬರ್ 9ರ ಮೂರನೆಯ ಹಾರಾಟ. ಮುಂದಿನ ಗಾಡಿ ಹೊರಟಿದ್ದು 2024ರ ನವೆಂಬರ್ 27ರಂದು, ಅಂದರೆ ಹೆಚ್ಚುಕಡಿಮೆ ಒಂದು ವರ್ಷ ಕಳೆದು. ಆ ನಡುವೆ ಕಂಪನಿಯವರು ಸುಮ್ಮನೆ ಕುಳಿತಿರಲಿಲ್ಲ: ಮೊದಲ ಯತ್ನವನ್ನು ಕೆಡಿಸಿದ್ದ ಸಹಾಯಕ ಎಂಜಿನ್ನನ್ನೇ ಕಿತ್ತುಹಾಕಿ, ತಾನೇ ಹೊರಳಿ ದಿಕ್ಕು ಬದಲಿಸಬಲ್ಲ ಒಂದೇ ಎಂಜಿನ್ನನ್ನು ಎರಡನೆಯ ಹಂತಕ್ಕೆ ಕೂರಿಸಿ ಝೂಚ್ವೆ-2ಇ ಎಂದು ಹೊಸದಾಗಿ ತಂದರು. ತಪ್ಪಿನ ಮೂಲವನ್ನೇ ಇಲ್ಲದಂತೆ ಮಾಡುವ ಈ ಪರಿ ನನಗೆ ಹಿಡಿಸಿತು. ಆದರೆ ಉಪಗ್ರಹವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸರದಿ ಕಾಯುವವನಿಗೆ ಆ ಒಂದು ವರ್ಷ ಬರೀ ಖರ್ಚಿನ ವರ್ಷ. 2025ರ ಮೇ 17ರಂದು 2ಇ ಆರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಇನ್ನು ಹಾದಿ ಹದವಾಯಿತು ಎಂದುಕೊಳ್ಳುವಷ್ಟರಲ್ಲಿ ಆಗಸ್ಟ್ 15ರ ಹಾರಾಟ ವಿಫಲವಾಯಿತು. ಒಟ್ಟು ಲೆಕ್ಕ ಹಾಕಿದರೆ ಝೂಚ್ವೆ-2ರ ಕುಟುಂಬ ಮೂರು ವರ್ಷಗಳಲ್ಲಿ ಆರು ಸಲ ಹಾರಿ ನಾಲ್ಕು ಸಲ ಗುರಿ ಮುಟ್ಟಿದೆ. ಬೀಜಿಂಗ್‌ನದೇ ಆದ ಗ್ಯಾಲಕ್ಟಿಕ್ ಎನರ್ಜಿ ಕಂಪನಿ ಸುಮಾರು 20 ಮೀಟರ್ ಎತ್ತರದ, ಮುನ್ನೂರು ನಾನೂರು ಕಿಲೋ ಹೊರುವ ಸೆರೆಸ್-1 ಎಂಬ ಸಣ್ಣ ರಾಕೆಟ್ಟನ್ನು 2020ರಿಂದ ಇಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ, 2025ರ ಕೊನೆಯವರೆಗೆ ಎರಡು ಸಲ ಮಾತ್ರ ಸೋತಿದೆ. ಸಣ್ಣ ಪಾರ್ಸೆಲ್ ಇದ್ದವರು ಯಾವ ಕೌಂಟರಿಗೆ ಹೋಗುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಲ್ಯಾಂಡ್‌ಸ್ಪೇಸ್‌ನ ಮೇಲೆ ಇಷ್ಟು ಕಣ್ಣೇಕೆ? ಕಾರಣ ಝೂಚ್ವೆ-3. ಸ್ಟೇನ್‌ಲೆಸ್ ಸ್ಟೀಲ್ ಮೈಯ, 66 ಮೀಟರ್ ಎತ್ತರದ, ಬುಡದಲ್ಲಿ ಒಂಬತ್ತು ಎಂಜಿನ್‌ಗಳಿರುವ ಈ ರಾಕೆಟ್‌ನ ಮೊದಲ ಹಂತ ಹಿಂದಿರುಗಿ ನೆಟ್ಟಗೆ ಇಳಿದು ಮತ್ತೆ ಬಳಕೆಯಾಗಬೇಕು ಎಂಬುದು ಉದ್ದೇಶ. 2024ರ ಸೆಪ್ಟೆಂಬರ್ 11ರಂದು ನಡೆದ ಪ್ರಯೋಗದಲ್ಲಿ ಒಂಟಿ ಎಂಜಿನ್ನಿನ ಉಕ್ಕಿನ ಕೊಳವೆಯೊಂದು 10 ಕಿಲೋಮೀಟರ್ ಎತ್ತರಕ್ಕೇರಿ, ನಡುಗಾಳಿಯಲ್ಲಿ ಎಂಜಿನ್ ಆರಿಸಿ, ಮತ್ತೆ ಹೊತ್ತಿಸಿಕೊಂಡು, ಹೊರಟ ಜಾಗದಿಂದ ಸುಮಾರು 3.2 ಕಿಲೋಮೀಟರ್ ದೂರದಲ್ಲಿ ಕಾಲೂರಿ ನಿಂತಿತ್ತು. ಆದ್ದರಿಂದ 2025ರ ಡಿಸೆಂಬರ್ 3ರಂದು ನಿಜವಾದ ಝೂಚ್ವೆ-3 ಹೊರಟಾಗ ನಿರೀಕ್ಷೆ ಸಹಜವಾಗಿಯೇ ದೊಡ್ಡದಿತ್ತು. ಎರಡನೆಯ ಹಂತ ಮೊದಲ ಯತ್ನದಲ್ಲೇ ಕಕ್ಷೆ ಸೇರಿತು. ಮೊದಲ ಹಂತ ಗಾನ್ಸು ಪ್ರಾಂತ್ಯದಲ್ಲಿ ಕಟ್ಟಿದ್ದ ಇಳಿದಾಣದತ್ತ ಗುರಿ ಹಿಡಿದು ಬಂತು; ಹರಿದಾಡಿದ ವೀಡಿಯೊಗಳಲ್ಲಿ ಅದು ಬುಡಕ್ಕೆ ಬೆಂಕಿ ಹತ್ತಿಕೊಂಡು, ಕೊನೆಯಲ್ಲಿ ವೇಗ ತಗ್ಗಿಸಲಾಗದೆ, ನೇರವಾಗಿ ನೆಲಕ್ಕೆ ಬಡಿಯುವುದನ್ನು ನೋಡಬಹುದು. ಬಿದ್ದದ್ದು ಇಳಿದಾಣದ ಅಂಚಿನಲ್ಲೇ. ಕಕ್ಷೆಯ ದಾರಿಯಲ್ಲಿ ಅರ್ಧ ಹೋಗಿ ತಿರುಗಿ ಬಂದ ರಾಕೆಟ್ ಅಂಗಳದ ಅಂಚಿಗೆ ಬಿದ್ದಿತೆಂದರೆ ದಾರಿ ಹುಡುಕುವ ಲೆಕ್ಕ ಸರಿಯಿದೆ, ಎಂಜಿನ್ನಿನ ಕೊನೆಯ ಉರಿಯಲ್ಲಷ್ಟೇ ಕೆಲಸ ಉಳಿದಿದೆ ಎಂದು ನಾನು ಓದಿಕೊಂಡೆ. ಅದೇ ತಿಂಗಳು ಸರ್ಕಾರಿ ಸಂಸ್ಥೆಯ ಲಾಂಗ್ ಮಾರ್ಚ್-12ಎ ಕೂಡ ಕಕ್ಷೆ ಸೇರಿ, ಮೊದಲ ಹಂತವನ್ನು ಇಳಿಸಿಕೊಳ್ಳಲಾಗದೆ ಹೋಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ಕಡೆಯವರಿಗೆ ಈ ಸೇವೆ ಸಿಗುವ ಸಾಧ್ಯತೆ ತೀರಾ ಕಡಿಮೆ. ಅಮೆರಿಕದ ರಫ್ತು ನಿಯಮಗಳು ಅಲ್ಲಿನ ನಿರ್ಬಂಧಿತ ಬಿಡಿಭಾಗಗಳಿರುವ ಉಪಗ್ರಹಗಳನ್ನು ಚೀನಾದಿಂದ ಉಡಾಯಿಸಲು ಬಿಡುವುದಿಲ್ಲ. ಬೆಂಗಳೂರಿನ ಪಿಕ್ಸೆಲ್ ಕಂಪನಿ ತನ್ನ ಉಪಗ್ರಹಗಳನ್ನು 2025ರ ಕೊನೆಯವರೆಗೆ ಅಮೆರಿಕದ ಫಾಲ್ಕನ್-9 ಮತ್ತು ನಮ್ಮ ಪಿಎಸ್‌ಎಲ್‌ವಿಗಳಲ್ಲೇ ಕಳಿಸಿದೆ. ಇಸ್ರೊ ತನ್ನ ಮುಂದಿನ ತಲೆಮಾರಿನ ರಾಕೆಟ್‌ಗೆ ಮೀಥೇನ್ ಎಂಜಿನ್ನನ್ನೇ ಆರಿಸಿಕೊಂಡಿರುವುದರಿಂದ, ಗ್ರಾಹಕರಾಗದಿದ್ದರೂ ಲ್ಯಾಂಡ್‌ಸ್ಪೇಸ್‌ನ ಸೋಲುಗೆಲುವುಗಳನ್ನು ಹತ್ತಿರದಿಂದ ಓದಬೇಕಾದ ಕಾರಣ ನಮಗೂ ಇದೆ.

ಐದರಲ್ಲಿ ಅಂಕ ಕೊಡಿ ಎಂದರೆ ಯಂತ್ರಕ್ಕೆ ನಾಲ್ಕೂವರೆ, ಸಾಗಣೆಗೆ ಎರಡೂವರೆ. ಎರಡನೆಯ ಅಂಕವನ್ನು ತಿದ್ದಲು ನಾನು ಕಾಯುತ್ತಿರುವುದು ಇನ್ನೊಂದು ದಾಖಲೆಗಲ್ಲ. ಝೂಚ್ವೆ-2ಇ ಒಂದೇ ವರ್ಷದಲ್ಲಿ ನಾಲ್ಕು ಸಲ ತಪ್ಪದೆ ಮಾಲು ಮುಟ್ಟಿಸಲಿ, ಅಥವಾ ಒಮ್ಮೆ ಇಳಿದ ಉಕ್ಕಿನ ಹಂತವೊಂದು ಸುಟ್ಟ ಕಲೆಗಳನ್ನು ಹೊತ್ತುಕೊಂಡೇ ಎರಡನೆಯ ಸಲ ಉಡಾವಣಾ ವೇದಿಕೆಯ ಮೇಲೆ ನಿಂತಿರುವುದು ಕಾಣಲಿ, ಆಗ ತಿದ್ದುತ್ತೇನೆ.