ಬೇಡಿಕೆಯ ಸ್ಥಿತಿಸ್ಥಾಪಕತ್ವ: ಒಂದೇ ಲೆಕ್ಕ, ನಾಲ್ಕು ವಿಧಾನ

ಎಳನೀರಿನ ಬೆಲೆ 40 ರೂಪಾಯಿಯಿಂದ 50ಕ್ಕೆ ಏರಿತು, ದಿನದ ಮಾರಾಟ 60 ಕಾಯಿಯಿಂದ 40ಕ್ಕೆ ಇಳಿಯಿತು. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ 1% ಬದಲಾದರೆ ಬೇಡಿಕೆ ಎಷ್ಟು ಶೇಕಡಾ ಬದಲಾಗುತ್ತದೆ ಎಂಬ ಅಳತೆ, ಎಷ್ಟು? ಈ ಪ್ರಶ್ನೆಗೆ 1.33, 1.8, 2.5 ಎಂಬ ಮೂರು ಉತ್ತರಗಳು ಬರುತ್ತವೆ. ಮೂರರಲ್ಲೂ ಗುಣಾಕಾರ, ಭಾಗಾಕಾರ ಸರಿಯಾಗಿಯೇ ಇರುತ್ತದೆ. ವ್ಯತ್ಯಾಸ ಹುಟ್ಟುವುದು ವಿಧಾನದಲ್ಲಿ. ಹಾಗಾಗಿ ಒಂದೇ ಬೇಡಿಕೆ ರೇಖೆಯ ಮೇಲೆ ಶೇಕಡಾ, ಮಧ್ಯಬಿಂದು, ಒಟ್ಟು ವೆಚ್ಚ ಮತ್ತು ಬಿಂದು ವಿಧಾನ ನಾಲ್ಕನ್ನೂ ಹೂಡಿ ನೋಡಿದೆವು.

ಪ್ರಯೋಗಕ್ಕೆ ತೆಗೆದುಕೊಂಡ ರೇಖೆ ಸರಳವಾದದ್ದು: ಬೇಡಿಕೆ = 140 − 2 × ಬೆಲೆ. ಬೆಲೆ 30 ಆದರೆ 80 ಕಾಯಿ, 40ಕ್ಕೆ 60, 50ಕ್ಕೆ 40. ಬೆಲೆ ಏರಿದರೆ ಬೇಡಿಕೆ ಇಳಿಯುವುದರಿಂದ ಬರುವ ಋಣ ಚಿಹ್ನೆಯನ್ನು ಕೆಳಗಿನ ಅಂಕಿಗಳಲ್ಲಿ ಬಿಟ್ಟಿದೆ. ಒಟ್ಟು ವೆಚ್ಚ ಎಂದರೆ ಬೆಲೆ × ಪ್ರಮಾಣ.

| ಬೆಲೆಯ ಬದಲಾವಣೆ | ಶೇಕಡಾ | ಮಧ್ಯಬಿಂದು | ಒಟ್ಟು ವೆಚ್ಚ |
|---|---|---|---|
| 40ರಿಂದ 50ಕ್ಕೆ | 1.33 | 1.8 | 2400ರಿಂದ 2000ಕ್ಕೆ |
| 50ರಿಂದ 40ಕ್ಕೆ | 2.5 | 1.8 | 2000ದಿಂದ 2400ಕ್ಕೆ |
| 30ರಿಂದ 40ಕ್ಕೆ | 0.75 | 1 | 2400, ಬದಲಿಲ್ಲ |
| 40ರಿಂದ 30ಕ್ಕೆ | 1.33 | 1 | 2400, ಬದಲಿಲ್ಲ |

ಶೇಕಡಾ ವಿಧಾನ ಎಲ್ಲರೂ ಮೊದಲು ಕಲಿಯುವಂಥದ್ದು. ಬೇಡಿಕೆಯ ಬದಲಾವಣೆಯನ್ನು ಹಳೆಯ ಬೇಡಿಕೆಯಿಂದ ಭಾಗಿಸಿ, ಬೆಲೆಯ ಬದಲಾವಣೆಯನ್ನು ಹಳೆಯ ಬೆಲೆಯಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮುಗಿಯಿತು. ಅದರ ತೊಂದರೆ ‘ಹಳೆಯ’ ಎಂಬ ಮಾತಿನಲ್ಲೇ ಇದೆ. 20 ಕಾಯಿಯ ವ್ಯತ್ಯಾಸ 60ರ ಎದುರು 33.3%, 40ರ ಎದುರು 50%. ಎಲ್ಲಿಂದ ಹೊರಟೆವು ಎಂಬುದೇ ಉತ್ತರವನ್ನು ಬದಲಿಸುತ್ತದೆ. ಬದಲಾವಣೆ ಸಣ್ಣದಾದಷ್ಟೂ ಈ ದೋಷ ಕರಗುತ್ತದೆ: 40ರಿಂದ 41ಕ್ಕೆ ಹೋದರೆ 1.33, ಮರಳಿದರೆ 1.41. ಒಂದೆರಡು ಶೇಕಡಾದಷ್ಟು ಬದಲಾವಣೆಗೆ ಈ ವಿಧಾನ ಸಾಕು. 25% ಏರಿಕೆಗೆ ಸಾಲದು.

ಮಧ್ಯಬಿಂದು ವಿಧಾನದಲ್ಲಿ ಹಳೆಯದರ ಜಾಗಕ್ಕೆ ಎರಡರ ಸರಾಸರಿ ಬರುತ್ತದೆ. 20ನ್ನು 50ರಿಂದ ಭಾಗಿಸಿದರೆ 40%, 10ನ್ನು 45ರಿಂದ ಭಾಗಿಸಿದರೆ 22.2%, ಉತ್ತರ 1.8. ಏರಿದರೂ ಇಳಿದರೂ ಅಷ್ಟೇ. ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ: ಬೇಡಿಕೆಗೆ ಸರಾಸರಿ ಹಾಕಿ, ಬೆಲೆಗೆ ಮಾತ್ರ ಹಳೆಯ 40ನ್ನೇ ಉಳಿಸಿಕೊಳ್ಳುವುದು. ಆಗ 40 ÷ 25 = 1.6 ಎಂಬ, ಯಾವ ವಿಧಾನಕ್ಕೂ ಸೇರದ ಸಂಖ್ಯೆ ಬರುತ್ತದೆ.

ಕೋಷ್ಟಕದ ಮೂರನೆಯ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. ಬೆಲೆ 30 ಇದ್ದರೂ 40 ಆದರೂ ಗ್ರಾಹಕರ ಒಟ್ಟು ವೆಚ್ಚ 2400. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಹೆಸರಿನೊಂದಿಗೆ ಬೆಸೆದುಕೊಂಡಿರುವ ಒಟ್ಟು ವೆಚ್ಚ ವಿಧಾನದ ಪ್ರಕಾರ ಇದು ಏಕ ಸ್ಥಿತಿಸ್ಥಾಪಕತ್ವ, ಅಂದರೆ ಸರಿಯಾಗಿ 1. ಮಧ್ಯಬಿಂದುವೂ 1 ಎನ್ನುತ್ತದೆ. ಶೇಕಡಾ ವಿಧಾನ ಮಾತ್ರ ಒಂದು ದಿಕ್ಕಿನಲ್ಲಿ 0.75, ಇನ್ನೊಂದು ದಿಕ್ಕಿನಲ್ಲಿ 1.33 ಎನ್ನುತ್ತದೆ. ಇದು ಕಾಕತಾಳೀಯವಲ್ಲ. ಎರಡು ಬಿಂದುಗಳಲ್ಲಿ ಬೆಲೆ × ಪ್ರಮಾಣ ಸಮವಾದರೆ ಮಧ್ಯಬಿಂದು ಸೂತ್ರ ಯಾವಾಗಲೂ 1ನ್ನೇ ಕೊಡುತ್ತದೆ, ಬೀಜಗಣಿತದಲ್ಲಿ ಬಿಡಿಸಿದರೆ ನಾಲ್ಕು ಸಾಲಿನಲ್ಲಿ ಸಿದ್ಧವಾಗುತ್ತದೆ. ಬೆಲೆ ಏರಿ ವೆಚ್ಚ ಇಳಿದರೆ ಮಧ್ಯಬಿಂದು ಉತ್ತರ 1ಕ್ಕಿಂತ ಹೆಚ್ಚು, ವೆಚ್ಚವೂ ಏರಿದರೆ 1ಕ್ಕಿಂತ ಕಡಿಮೆ ಇರಲೇಬೇಕು. ಪರೀಕ್ಷೆಯಲ್ಲಿ ಉತ್ತರ ತಾಳೆ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಸಿಕ್ಕಿಲ್ಲ. ಎರಡು ಗುಣಾಕಾರ, ಅರ್ಧ ನಿಮಿಷ.

ಬಾಗಿದ ರೇಖೆಯಲ್ಲೂ ಇದನ್ನು ಪರೀಕ್ಷಿಸಬಹುದು. ಬೇಡಿಕೆ = 2400 ÷ ಬೆಲೆ ಎಂದಿರಲಿ; ಈ ರೇಖೆಯ ಪ್ರತಿ ಬಿಂದುವಿನಲ್ಲೂ ಸ್ಥಿತಿಸ್ಥಾಪಕತ್ವ 1. ಬೆಲೆ 40ರಿಂದ 50ಕ್ಕೆ ಹೋದಾಗ ಬೇಡಿಕೆ 60ರಿಂದ 48ಕ್ಕೆ ಇಳಿಯುತ್ತದೆ. ಶೇಕಡಾ ವಿಧಾನ 0.8 ಎನ್ನುತ್ತದೆ, ಮಧ್ಯಬಿಂದು ಸರಿಯಾಗಿ 1.

ಒಟ್ಟು ವೆಚ್ಚ ವಿಧಾನಕ್ಕೂ ಮಿತಿಯಿದೆ. 1ಕ್ಕಿಂತ ಹೆಚ್ಚೋ, ಕಡಿಮೆಯೋ, 1ಕ್ಕೆ ಸಮವೋ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಜೊತೆಗೆ ದೊಡ್ಡ ಜಿಗಿತದ ನಡುವೆ ನಡೆದದ್ದು ಅದಕ್ಕೆ ಕಾಣುವುದಿಲ್ಲ. ನಮ್ಮ ಸರಳ ರೇಖೆಯಲ್ಲಿ 30 ಮತ್ತು 40ರ ನಡುವೆ, 35 ರೂಪಾಯಿಯಲ್ಲಿ, ವೆಚ್ಚ 2450ಕ್ಕೆ ಏರಿ ಮತ್ತೆ ಇಳಿದಿರುತ್ತದೆ.

ಬೇಡಿಕೆಯ ಸಮೀಕರಣವೇ ಕೊಟ್ಟಿದ್ದರೆ, ರೇಖೆಯ ಒಂದೇ ಬಿಂದುವಿನಲ್ಲಿ ಅಳೆಯುವ ಬಿಂದು ವಿಧಾನವನ್ನೇ ಹಿಡಿಯಿರಿ. ನಮ್ಮ ರೇಖೆಯಲ್ಲಿ ಬೆಲೆ ಒಂದು ರೂಪಾಯಿ ಬದಲಾದರೆ ಬೇಡಿಕೆ 2 ಕಾಯಿ ಬದಲಾಗುತ್ತದೆ, ಹಾಗಾಗಿ ಸೂತ್ರ 2 × ಬೆಲೆ ÷ ಬೇಡಿಕೆ: 40ರಲ್ಲಿ 80 ÷ 60 = 1.33, 45ರಲ್ಲಿ 90 ÷ 50 = 1.8, 50ರಲ್ಲಿ 100 ÷ 40 = 2.5. ಮೊದಲು ಕಂಡ ಮೂರು ಉತ್ತರಗಳೂ ಇಲ್ಲೇ ಇವೆ! ಸರಳ ರೇಖೆಯಲ್ಲಿ ಶೇಕಡಾ ವಿಧಾನ ಹೊರಟ ಬಿಂದುವಿನ ಸ್ಥಿತಿಸ್ಥಾಪಕತ್ವವನ್ನು ಕೊಡುತ್ತದೆ, ಮಧ್ಯಬಿಂದು ವಿಧಾನ ಹೆಸರಿಗೆ ತಕ್ಕಂತೆ ನಡುವಿನದನ್ನು. ಚಿತ್ರ ಬರೆದಿದ್ದರೆ ಇನ್ನೂ ಸುಲಭ: ರೇಖೆ ಬೆಲೆ ಅಕ್ಷವನ್ನು ಮುಟ್ಟುವುದು 70ರಲ್ಲಿ. 40ರಲ್ಲಿ 40 ÷ (70 − 40), ಅಂದರೆ ಮತ್ತೆ 1.33. ಬಿಂದುವಿನ ಕೆಳಗಿರುವ ರೇಖೆಯ ತುಂಡನ್ನು ಮೇಲಿರುವ ತುಂಡಿನಿಂದ ಭಾಗಿಸುವುದು ಎಂಬ ಸೂತ್ರದ ಒಳಗಿರುವುದು ಇದೇ.

ಬಿಂದು ವಿಧಾನದಲ್ಲಿ ಅಂಕ ಹೋಗುವುದು ಇಳಿಜಾರಿನಲ್ಲಿ. ಅರ್ಥಶಾಸ್ತ್ರದ ಚಿತ್ರದಲ್ಲಿ ಬೆಲೆ ಲಂಬ ಅಕ್ಷದ ಮೇಲಿರುವುದರಿಂದ ಕಾಗದದ ಮೇಲೆ ಅಳೆದ ಇಳಿಜಾರು ½. ಸೂತ್ರಕ್ಕೆ ಬೇಕಾದದ್ದು ಅದರ ತಲೆಕೆಳಗು, 2. ಅದಲು ಬದಲಾದರೆ 1.33 ಇರಬೇಕಾದಲ್ಲಿ 0.33 ಬರುತ್ತದೆ, ಸ್ಥಿತಿಸ್ಥಾಪಕ (1ಕ್ಕಿಂತ ಹೆಚ್ಚು) ಬೇಡಿಕೆ ಅಸ್ಥಿತಿಸ್ಥಾಪಕ (1ಕ್ಕಿಂತ ಕಡಿಮೆ) ಎನಿಸಿಕೊಳ್ಳುತ್ತದೆ.

ಋಣ ಚಿಹ್ನೆಯನ್ನು ಬಿಡುವುದಾದರೆ ಲೆಕ್ಕ ಮುಗಿದ ಮೇಲೆ ಬಿಡಿ. ಬೇಸಿಗೆಯಲ್ಲಿ ಎಳನೀರು 40ರಿಂದ 50ಕ್ಕೆ ಏರಿಯೂ ಮಾರಾಟ 60ರಿಂದ 75ಕ್ಕೆ ಹೋದರೆ ಎರಡೂ 25% ಏರಿಕೆ, ಉತ್ತರ +1. ಚಿಹ್ನೆ ನೋಡದವರು ‘ಏಕ ಸ್ಥಿತಿಸ್ಥಾಪಕತ್ವ’ ಎಂದು ಬರೆದುಬಿಡುತ್ತಾರೆ. ನಿಜದಲ್ಲಿ ಬಿಸಿಲಿಗೆ ಬೇಡಿಕೆ ರೇಖೆಯೇ ಬಲಕ್ಕೆ ಸರಿದಿದೆ; ಎರಡು ಬಿಂದುಗಳು ಬೇರೆ ಬೇರೆ ರೇಖೆಗಳ ಮೇಲಿವೆ. ಅಲ್ಲಿ ನಾಲ್ಕರಲ್ಲಿ ಯಾವ ವಿಧಾನವನ್ನೂ ಹೂಡುವಂತಿಲ್ಲ.