ಪ್ಯಾಲಿಯೇಟಿವ್ ಒಪಿಡಿಯ ಸಿಸ್ಟರ್ ಮಾತುಕತೆ: ಹಗಲು ಗಟ್ಟಿ, ರಾತ್ರಿ ಸಡಿಲ

ಕ್ಯಾನ್ಸರ್ ಮುಂದುವರಿದ ಮೇಲೆ ಯಾವ ಚಿಕಿತ್ಸೆ ಬೇಕು, ಯಾವುದು ಸಾಕು ಎಂದು ರೋಗಿಯ ಜೊತೆಗೂ ಮನೆಯವರ ಜೊತೆಗೂ ಕೂತು ಮಾತಾಡುವ ಕೆಲಸ ಮಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ (ನೋವು, ಸಂಕಟ ಇಳಿಸುವ ಆರೈಕೆಯ) ವಿಭಾಗದ ನರ್ಸ್‌ಗಳದ್ದು. ಈ ವಿಮರ್ಶೆ ಆ ಸೇವೆಗೆ ಮಾತ್ರ ಸಂಬಂಧಿಸಿದ್ದು. ಮಾತಾಡುವ ಕೆಲಸವನ್ನು ಅವರು ಬಹಳ ಚೆನ್ನಾಗಿ ಮಾಡುತ್ತಾರೆ. ಆದರೆ ಅಲ್ಲಿ ಆದ ತೀರ್ಮಾನ ವಾರ್ಡಿಗೂ ಕ್ಯಾಶುವಾಲ್ಟಿಗೂ ತಲುಪುವುದು ಕಡಿಮೆ.

ಒಳಗೆ ಕರೆಯುವ ಮೊದಲೇ ಸಿಸ್ಟರ್ ಫೈಲ್ ಓದಿರುತ್ತಾರೆ: ಬಯಾಪ್ಸಿ, ಕೊನೆಯ ಸ್ಕ್ಯಾನ್, ಆಂಕಾಲಜಿ ಡಾಕ್ಟರು ಈವರೆಗೆ ಹೇಳಿರುವುದು. ಕಾಯಿಲೆ ಹರಡಿದೆ ಎಂಬುದನ್ನು ಮೊದಲ ಸಲ ಹೇಳಬೇಕಾದವರು ಡಾಕ್ಟರು. ಅವರು ಹೇಳದೆ ಉಳಿಸಿದ್ದು ನರ್ಸ್ ಬಾಯಿಂದ ಹೊರಬಿದ್ದರೆ ಮನೆಯವರು ಆಮೇಲೆ ಇಬ್ಬರನ್ನೂ ನಂಬುವುದಿಲ್ಲ. ಈ ಗೆರೆಯನ್ನು ಇಲ್ಲಿಯ ಸಿಸ್ಟರ್‌ಗಳು ದಾಟುವುದಿಲ್ಲ.

ಮೊದಲ ಪ್ರಶ್ನೆ ರೋಗಿಗೆ. ‘ಡಾಕ್ಟ್ರು ನಿಮ್ಮ ಹತ್ರ ಎಂತ ಹೇಳಿದ್ದಾರೆ ಅಮ್ಮಾ?’ ಎರಡನೆಯದು, ‘ಎಲ್ಲ ವಿಷಯ ನಿಮಗೇ ಹೇಳಬೇಕಾ, ಮಗಳ ಹತ್ರ ಹೇಳಿದ್ರೆ ಸಾಕಾ?’ ಉತ್ತರ ಬರುವವರೆಗೆ ಸುಮ್ಮನಿರುತ್ತಾರೆ. ಆಮೇಲೆ ಸ್ವಲ್ಪ ಹೇಳುವುದು, ಎಷ್ಟು ಅರ್ಥವಾಯಿತೆಂದು ಮತ್ತೆ ಕೇಳುವುದು. ಗಡಿಬಿಡಿಯಲ್ಲಿ ಈ ಕೊನೆಯ ಕೇಳುವಿಕೆ ತಪ್ಪಿಹೋದರೆ ‘ಕೀಮೋ ನಿಲ್ಲಿಸುತ್ತೇವೆ’ ಎಂದದ್ದು ಮನೆಗೆ ಹೋಗುವಷ್ಟರಲ್ಲಿ ‘ಗುಣ ಆಯ್ತಂತೆ’ ಎಂದಾಗುತ್ತದೆ, ಇಲ್ಲವೇ ‘ಕೈಬಿಟ್ಟರು’ ಎಂದಾಗುತ್ತದೆ.

ನಮ್ಮ ಕಡೆಯ ಮಾಮೂಲು ಇಕ್ಕಟ್ಟು ಬಾಗಿಲಲ್ಲೇ ಎದುರಾಗುತ್ತದೆ. ತಂದೆಯನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಮಗ ಒಬ್ಬನೇ ಒಳಗೆ ಬರುತ್ತಾನೆ: ‘ಅಪ್ಪನಿಗೆ ಹೇಳುವುದು ಬೇಡ ಸಿಸ್ಟರ್, ಅವರು ಕುಗ್ಗಿ ಹೋಗ್ತಾರೆ.’ ರೋಗಿಯ ಹಕ್ಕು ಎಂದು ಪಾಠ ಶುರು ಮಾಡಿದರೆ ಕೆಲಸ ಕೆಟ್ಟಿತು, ಮುಂದಿನ ವಾರ ಅವರು ಬರುವುದೇ ಇಲ್ಲ. ಹೂಂ ಎಂದು ಒಪ್ಪಿಕೊಂಡರೂ ಕೆಟ್ಟಿತು. ಇಲ್ಲಿ ಮೊದಲು ಮಗನ ಹೆದರಿಕೆ ಏನೆಂದು ಕೇಳುತ್ತಾರೆ. ನಂತರ, ‘ನಾವಾಗಿ ಎತ್ತುವುದಿಲ್ಲ, ಆದರೆ ಅವರೇ ಕೇಳಿದ್ರೆ ಸುಳ್ಳು ಹೇಳ್ಲಿಕ್ಕೆ ಆಗುವುದಿಲ್ಲ. ಅವರಿಗೆ ಎಷ್ಟು ಗೊತ್ತುಂಟು ಅಂತ ನಿಮ್ಮೆದುರೇ ಕೇಳಬಹುದಾ?’ ಎಂದು ಒಪ್ಪಿಗೆ ಪಡೆಯುತ್ತಾರೆ. ಒಳಗೆ ಬಂದ ತಂದೆಗೆ ಬಹಳಷ್ಟು ಸಲ ಎಲ್ಲ ಗೊತ್ತಿರುತ್ತದೆ. ಮಗನಿಗೆ ಬೇಜಾರಾಗಬಾರದೆಂದು ಅವರು ಬಾಯಿ ಬಿಟ್ಟಿರುವುದಿಲ್ಲ, ಅಷ್ಟೇ.

ಚಿಕಿತ್ಸೆಯ ‘ಗುರಿ’ ಅಂತ ದೊಡ್ಡ ಮಾತಿಲ್ಲ. ಇನ್ನು ಕೆಲವು ವಾರ ಯಾವುದು ಮುಖ್ಯ, ಯಾವುದರ ಹೆದರಿಕೆ ಜಾಸ್ತಿ ಎಂದು ಕೇಳುತ್ತಾರೆ. ಮನೆಯ ನೇಮ (ದೈವದ ಕೋಲ) ನೋಡಬೇಕು, ಮೊಮ್ಮಗಳ ಮದುವೆಗೆ ಕೂರಬೇಕು, ನೋವಿಲ್ಲದೆ ಒಂದು ರಾತ್ರಿ ಮಲಗಬೇಕು ಎನ್ನುವಂಥ ಉತ್ತರ ಬಂದ ಮೇಲೆ ಔಷಧದ ಲೆಕ್ಕ. ನೇಮದ ದಿನ ಕೂರುವಷ್ಟು ಶಕ್ತಿ ಬೇಕಿದ್ದರೆ ಕೀಮೋ ದಿನಾಂಕ ಮುಂದೂಡುವುದೋ, ಬಿಡುವುದೋ, ರಕ್ತ ಕೊಡಿಸಿದರೆ ಉಪಯೋಗ ಉಂಟೋ ಎಂದು ಡಾಕ್ಟರ ಹತ್ತಿರ ಒಯ್ಯುತ್ತಾರೆ.

ಊಟದ ವಿಷಯವನ್ನು ಇವರಷ್ಟು ಬಿಡಿಸಿ ಹೇಳುವವರು ಅಪರೂಪ. ಕೊನೆಯ ದಿನಗಳಲ್ಲಿ ‘ಗಂಜಿಯೂ ಇಳಿಯುವುದಿಲ್ಲ, ಮೂಗಿಗೆ ನಳಿಗೆ ಹಾಕಿ’ ಎಂದು ಮನೆಯವರು ಒತ್ತಾಯಿಸುತ್ತಾರೆ. ಉಪವಾಸ ಕೆಡವಿದೆವು ಎಂಬ ಪಾಪಪ್ರಜ್ಞೆ ಅದರ ಹಿಂದೆ. ತಿನ್ನದ್ದರಿಂದ ಸಾಯುತ್ತಿರುವುದಲ್ಲ, ಕಾಯಿಲೆ ಆ ಹಂತಕ್ಕೆ ಬಂದದ್ದರಿಂದ ದೇಹ ಊಟ ಬೇಡ ಎನ್ನುತ್ತಿದೆ. ಆಗ ಡ್ರಿಪ್ ಹೆಚ್ಚಾದರೆ ಕಾಲು ಬಾತು, ಗಂಟಲಲ್ಲಿ ನೀರು ಗುಳುಗುಟ್ಟಬಹುದು. ಇದನ್ನು ಹೇಳಿದ ಮೇಲೆ ಕೈಗೊಂದು ಕೆಲಸವನ್ನೂ ಕೊಡುತ್ತಾರೆ: ತಲೆ ಎತ್ತರಿಸಿ, ನುಂಗುವಷ್ಟು ಎಚ್ಚರ ಇದ್ದರೆ ಮಾತ್ರ ಒಂದೆರಡು ಚಮಚ ಗಂಜಿ ತಿಳಿ, ಇಲ್ಲದಿದ್ದರೆ ಒದ್ದೆ ಹತ್ತಿಯಿಂದ ಬಾಯಿ ಒರೆಸಿ ತುಟಿಗೆ ಬೆಣ್ಣೆಯೋ ತುಪ್ಪವೋ ಸವರುವುದು. ಬರೀ ‘ಬೇಡ’ ಎಂದರೆ ಮನೆಯವರು ಬೇರೆ ಆಸ್ಪತ್ರೆಗೆ ಓಡುತ್ತಾರೆ.

ಕಡುನೋವಿನ ಮದ್ದು ಮಾರ್ಫಿನ್ ಬಗ್ಗೆಯೂ ಇಷ್ಟೇ ನೇರ. ಸಾದಾ ಮಾತ್ರೆ 4 ಗಂಟೆಗೊಮ್ಮೆ, ನೋವು ಬರಲಿ ಎಂದು ಕಾಯುವಂತಿಲ್ಲ. ಮಂಪರು, ವಾಂತಿ ಕೆಲವು ದಿನಗಳಲ್ಲಿ ಇಳಿಯುತ್ತದೆ, ಮಲಬದ್ಧತೆ ಇಳಿಯುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಜುಲಾಬಿನ ಮಾತ್ರೆ. ಕಿಡ್ನಿ ಸೋತವರಿಗೆ ಪ್ರಮಾಣ ಬೇರೆ. ‘ಅದು ಸಾಯುವವರಿಗೆ ಕೊಡುವ ಮದ್ದಲ್ವಾ’ ಎಂಬ ಪ್ರಶ್ನೆಯನ್ನು ಇವರೇ ಎತ್ತಿ ಉತ್ತರಿಸುತ್ತಾರೆ.

ಇನ್ನು ಕೊರತೆಗಳು. ರಾತ್ರಿ ಉಸಿರಾಟ ಏರಿ ಕ್ಯಾಶುವಾಲ್ಟಿಗೆ ಬಂದರೆ ಡ್ಯೂಟಿ ಡಾಕ್ಟರಿಗೆ ಕಾಣುವುದು ಆಕ್ಸಿಜನ್ ಮಟ್ಟ ಮಾತ್ರ. ‘ಐಸಿಯು, ವೆಂಟಿಲೇಟರ್ ಬೇಡ’ ಎಂದು ಹಗಲು ಬರೆದ ಹಾಳೆ ಒಪಿಡಿ ಫೈಲಿನ ನಡುವೆ ಎಲ್ಲೋ ಇರುತ್ತದೆ, ವಾರ್ಡಿನ ಫೈಲೇ ಬೇರೆ. ಫೈಲಿನ ಮೊದಲ ಪುಟಕ್ಕೆ ಬಣ್ಣದ ಹಾಳೆ, ಶಿಫ್ಟ್ ಬದಲಾಗುವಾಗ ಅದನ್ನು ಓದಿ ಹೇಳುವ ಕಡ್ಡಾಯ, ಮನೆಗೊಂದು ಪ್ರತಿ. ಇಷ್ಟು ಮಾಡಲು ಖರ್ಚೇ ಇಲ್ಲ.

ಭಾಷೆಯದ್ದೂ ತೊಂದರೆ. ರೋಗಿಯ ತುಳುವೋ ಬ್ಯಾರಿಯೋ ಸಿಸ್ಟರಿಗೆ ಬಾರದಿದ್ದರೆ ಜೊತೆ ಬಂದ ಮೊಮ್ಮಗಳೇ ದುಭಾಷಿ. ಕಹಿ ಭಾಗವನ್ನೆಲ್ಲ ಆ ಹುಡುಗಿ ನುಂಗಿಬಿಡುತ್ತಾಳೆ. ತಪ್ಪು ಅವಳದಲ್ಲ, ಅವಳನ್ನು ಕೂರಿಸಿದವರದು.

ರೋಗಿಗಳನ್ನು ಡಾಕ್ಟರು ಇಲ್ಲಿಗೆ ಕಳಿಸುವುದೂ ತಡ. 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಶ್ವಾಸಕೋಶ ಕ್ಯಾನ್ಸರ್ ಅಧ್ಯಯನದಲ್ಲಿ, ರೋಗ ಪತ್ತೆಯಾದ ಹೊತ್ತಿನಲ್ಲೇ ಪ್ಯಾಲಿಯೇಟಿವ್ ಆರೈಕೆ ಸಿಕ್ಕವರು ಹೆಚ್ಚು ನೆಮ್ಮದಿಯಿಂದ ಇದ್ದರು, ಕೊನೆಯಲ್ಲಿ ಕಡುಚಿಕಿತ್ಸೆ ಕಡಿಮೆ ಪಡೆದರೂ ಹೆಚ್ಚು ಕಾಲ ಬದುಕಿದರು. ಇಲ್ಲಿ ಮೊದಲ ಕೀಮೋ ಫಲಿಸದೆ ಬದಲಿಸಿದ ಎರಡನೆಯ ಕೀಮೋವೂ ಸೋತ ಮೇಲೆ ಚೀಟಿ ಬರೆಯುತ್ತಾರೆ.

ಕೊನೆಯಲ್ಲಿ ಜೀವ ಹಿಡಿದಿಡುವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಕಾನೂನಿನ ಬಗ್ಗೆ ಕೇಳಿದವರಿಗೆ ಮಾತ್ರ ಹೇಳುತ್ತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಿಯಮಗಳು 2023ರಲ್ಲಿ ಸರಳವಾದವು: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಮುಂಗಡ ಇಚ್ಛಾಪತ್ರ ಸಾಕು. 2025ರ ಜನವರಿಯಲ್ಲಿ ರಾಜ್ಯ ಸರ್ಕಾರವೂ ಜಾರಿಗೆ ಆದೇಶ ಹೊರಡಿಸಿದೆ. ಕೇಳದವರಿಗೂ ಹೇಳಬೇಕಿತ್ತು.

ಹೋಗುವವರು ಕೊನೆಯ ಡಿಸ್ಚಾರ್ಜ್ ಸಾರಾಂಶ ಮತ್ತು ನಾಟಿ ಮದ್ದು ಸೇರಿ ಎಲ್ಲ ಔಷಧಗಳನ್ನು ಒಯ್ಯಿರಿ. ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರು ಬರಬೇಕು. ಆ ವ್ಯಕ್ತಿ ದುಬೈಯಲ್ಲೋ ದೋಹಾದಲ್ಲೋ ಇದ್ದರೆ ವಿಡಿಯೋ ಕಾಲ್‌ಗೆ ಸಮಯ ಮೊದಲೇ ಕೇಳಿ, ಕೊಡುತ್ತಾರೆ. ಇಲ್ಲದಿದ್ದರೆ ವಿಮಾನ ಇಳಿದ ಮಗ ಮರುದಿನವೇ ಎಲ್ಲವನ್ನೂ ತಿರುಗಿಸುತ್ತಾನೆ. ತೀರ್ಮಾನದ ಹಾಳೆಯ ಫೋಟೋ ಮೊಬೈಲಿನಲ್ಲಿರಲಿ, ರಾತ್ರಿ ಕರೆ ಮಾಡುವ ನಂಬರನ್ನು ಅದರ ಮೇಲೆಯೇ ಬರೆಸಿಕೊಳ್ಳಿ.